ಒಡಕು ದನಿ

ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ತಮ್ಮ ರೇಡಿಯೊ ರಿಪೇರಿ ಅಂಗಡಿಗೆ ಬಂದವರಿಗೆಲ್ಲ ಬಿಟ್ಟಿ ಉಪದೇಶ ಕೊಟ್ಟು ಕೊಟ್ಟು ಆ ಹೆಸರು ಅಂಟಿಕೊಂಡಿತ್ತು. ಉಪದೇಶಗಳಲ್ಲೆಲ್ಲ ದೊಡ್ಡದು ಇದು: ಮಾತು ಕಳಿಸುವ ಸೆಟ್ಟಿಗೆ ಹೊಸ ಪವರ್ ಟ್ರಾನ್ಸಿಸ್ಟರ್ ಕೂರಿಸಿದರೆ, ಅದಕ್ಕೆ ಹರಿಯುವ ಕರೆಂಟನ್ನು ಅಂಕೆಯಲ್ಲಿಡುವ ಬಯಾಸ್ ತಿರುಪನ್ನು ಪೂರ್ತಿ ಇಳಿಸದೆ ಮೈಕಿನ ಗುಂಡಿ ಒತ್ತಬೇಡಿ. ಒತ್ತಿ ಸುಟ್ಟುಕೊಂಡು ಬಂದವರಿಗೆ ಅಲ್ಲಿ ರಿಪೇರಿಗಿಂತ ಬೈಗುಳವೇ ಹೆಚ್ಚು ಸಿಗುತ್ತಿತ್ತು.

ಅಂಥ ಸೆಟ್ಟು ಇಟ್ಟುಕೊಂಡು ದೂರದವರ ಜೊತೆ ಮಾತಾಡುವ ಹವ್ಯಾಸಿ ರೇಡಿಯೊದ ಹುಚ್ಚು ಅವರಿಗೂ ಇತ್ತು. ಅಂಗಡಿಯ ಹಿಂದಿನ ಕೋಣೆಯಲ್ಲಿ ಸ್ವಂತ ಸೆಟ್ಟು, ಮಾಳಿಗೆಯ ಮೇಲೆ ಆಂಟೆನಾ ತಂತಿ. ದಿನಾ ಬೆಳಗ್ಗೆ ದೂರದ ಊರಿನ ನಿವೃತ್ತ ಬಸ್ ಡ್ರೈವರ್ ಒಬ್ಬರ ಜೊತೆ ಹರಟೆ. ಒಬ್ಬರ ಮುಖ ಒಬ್ಬರು ನೋಡಿದ್ದಿಲ್ಲ. ಆದರೂ ಡ್ರೈವರಣ್ಣ ಎಂದರೆ ಮೇಷ್ಟ್ರಿಗೆ ಒಡಹುಟ್ಟಿದವರಿಗಿಂತ ಹೆಚ್ಚು.

ಒಂದು ಬೆಳಗ್ಗೆ ಡ್ರೈವರಣ್ಣ ಅಂದರು, "ತಮ್ಮಾ, ನಿನ್ನ ದನಿ ಯಾಕೋ ಒಡೀತಿದೆ. ಪವರ್ ಟ್ರಾನ್ಸಿಸ್ಟರ್ ಕೈಕೊಡೋ ಹಾಗಿದೆ. ಸ್ವಲ್ಪ ಪವರ್ ಇಳಿಸು."

ಮೇಷ್ಟ್ರಿಗೆ ಮೈಯೆಲ್ಲ ಉರಿದುಹೋಯಿತು. "ನೀವು ಸ್ಟೇರಿಂಗ್ ಹಿಡಿದೋರು, ನಾನು ಸಾಲ್ಡರ್ ಹಿಡಿದೋನು. ನನಗೆ ಪಾಠ ಹೇಳ್ಬೇಡಿ," ಎಂದವರೇ ಬೇಕೆಂದೇ ಪವರ್ ಏರಿಸಿದರು. ಸೆಟ್ಟಿನೊಳಗಿಂದ ಸುಟ್ಟ ವಾಸನೆ ಬಂತು.

ಸತ್ತದ್ದು ಮಾತು ಕಳಿಸುವ ಭಾಗ ಮಾತ್ರ, ಕೇಳುವ ಭಾಗಕ್ಕೆ ಏನೂ ಆಗಿರಲಿಲ್ಲ. ಹಾಗಾಗಿ ಮರುದಿನ ಡ್ರೈವರಣ್ಣ ಕರೆದದ್ದು ಚೆನ್ನಾಗಿಯೇ ಕೇಳಿಸಿತು. ಅದರ ಮರುದಿನವೂ ಕರೆದರು. ಮೇಷ್ಟ್ರು ಕೂತು ಕೇಳಿದರು.

"ಫೋನಾದ್ರೂ ಮಾಡಬಾರದೇನ್ರೀ?" ಎಂದರು ಹೆಂಡತಿ.

"ಮಾಡಿ? ನೀವು ಹೇಳಿದ ಹಾಗೇ ಸುಟ್ಟು ಹೋಯ್ತು ಅಂತ ಹೇಳ್ಲಾ? ಹೊಸದು ಹಾಕಿ ಮಾತಾಡ್ತೀನಿ, ದನಿ ಒಡೆದಿಲ್ಲ ಅಂತ ಅವರೇ ಹೇಳಲಿ."

ಊರೆಲ್ಲರ ಸೆಟ್ಟು ರಿಪೇರಿ ಮಾಡುವವನ ಸೆಟ್ಟೇ ಸುಟ್ಟಿದೆ ಎಂದು ಬೇರೆ ಹವ್ಯಾಸಿಗಳಿಗೂ ಹೇಳಲಿಲ್ಲ. ಹೇಳಿದ್ದರೆ ಯಾರಾದರೂ ಡ್ರೈವರಣ್ಣನಿಗೆ ಸುದ್ದಿ ಮುಟ್ಟಿಸುತ್ತಿದ್ದರು. ಒಣಜಂಬಕ್ಕೆ ಮದ್ದಿಲ್ಲ ನೋಡಿ.

ಕೊನೆಗೆ ತರಿಸಿದ್ದ ಹೊಸ ಟ್ರಾನ್ಸಿಸ್ಟರ್ ಜೋಡಿ ಬಂತು. ಬೆಳಗ್ಗೆಯೇ ಕೂತು ಹಳೆಯದನ್ನು ಬಿಚ್ಚಿ, ಶಾಖ ಎಳೆಯುವ ಅಲ್ಯೂಮಿನಿಯಂ ತಟ್ಟೆ ಒರೆಸಿ, ಬಿಳಿ ಪೇಸ್ಟ್ ಸವರಿ, ಹೊಸದನ್ನು ಬೆಸೆದರು. ಡ್ರೈವರಣ್ಣ ಕರೆಯುವ ಹೊತ್ತಾಗಿತ್ತೆಂದು ಕೇಳಲಷ್ಟೇ ಸೆಟ್ಟು ಹಚ್ಚಿದರು. ಬಯಾಸ್ ತಿರುಪು ಹಳೆಯ ಜಾಗದಲ್ಲೇ ಇತ್ತು.

"ತಮ್ಮಾ, ಇದೀಯಾ?" ದನಿಯಲ್ಲಿ ಏದುಸಿರಿತ್ತು. "ಇವತ್ತು ಎದೆ ಆಪರೇಷನ್ನು. ಈಗ ಹೊರಡ್ತೀನಿ. ನಾನು ಹಾಗೆ ಅನ್ನಬಾರದಿತ್ತು, ನಿನ್ನ ಕಸುಬು ನಿನಗೆ ಗೊತ್ತು. ಸಿಟ್ಟು ಬಿಟ್ಟು ಒಂದು ಮಾತಾಡಪ್ಪಾ. ಓವರ್."

ಮೇಷ್ಟ್ರು ಗುಂಡಿ ಒತ್ತಿಬಿಟ್ಟರು. "ಅಣ್ಣಾ" ಎನ್ನುವಷ್ಟರಲ್ಲಿ ಟಪ್ ಎಂದಿತು. ಫ್ಯೂಸ್ ಹಾರಿತು, ಆದರೆ ಅದಕ್ಕೂ ಮೊದಲೇ ಹೊಸ ಜೋಡಿ ಸತ್ತಿತ್ತು.

ಆಗ ಫೋನಿಗೆ ಕೈಹಾಕಿದರು. ಎತ್ತಿದ್ದು ಡ್ರೈವರಣ್ಣನ ಸೊಸೆ.

"ಮಾವ ಈಗಷ್ಟೇ ಹೊರಟ್ರು. ಫೋನು ಇಲ್ಲೇ ಬಿಟ್ಟಿದ್ದಾರೆ. ನಾನೂ ಆಸ್ಪತ್ರೆಗೆ ಹೋಗ್ತಿದ್ದೀನಿ, ಏನಾದ್ರೂ ಹೇಳ್ಬೇಕಾ?"

ಹೇಳುವುದಿತ್ತು. ನಾಲಿಗೆಯ ತುದಿಗೇ ಬಂದಿತ್ತು. ಆದರೆ ಗುರುತಿಲ್ಲದ ಹೆಣ್ಣುಮಗಳ ಮುಂದೆ ತಪ್ಪೊಪ್ಪಿಕೊಳ್ಳಲು ಆ ಮನುಷ್ಯನಿಗೆ ನಾಚಿಕೆ.

"ಏನಿಲ್ಲಮ್ಮ. ಅವರು ಮನೆಗೆ ಬಂದ ಮೇಲೆ ಮಾತಾಡ್ತೀನಿ," ಎಂದು ಇಟ್ಟರು.

ಡ್ರೈವರಣ್ಣ ಮನೆಗೆ ಬರಲಿಲ್ಲ. ಆಪರೇಷನ್ ನಡೆಯುತ್ತಿರುವಾಗಲೇ ಹೋದರು. ಸತ್ತ ಜೋಡಿ ಬಿಚ್ಚಿ, ಫ್ಯೂಸ್ ಬದಲಿಸಿ ಸೆಟ್ಟು ಹಚ್ಚಿದ್ದ ಮೇಷ್ಟ್ರಿಗೆ, ಯಾರೋ ರೇಡಿಯೊದಲ್ಲಿ ಆ ಸುದ್ದಿ ಹೇಳುತ್ತಿದ್ದದ್ದು ಸ್ಪಷ್ಟವಾಗಿ ಕೇಳಿಸಿತು.

ಎಷ್ಟೋ ದಿನ ಸೆಟ್ಟು ಹಾಗೇ ಬಾಯಿತೆರೆದು ಬಿದ್ದಿತ್ತು. ಹೆಂಡತಿ ಕಾಡಿ ಬೇಡಿದ ಮೇಲೆ ಮತ್ತೊಂದು ಜೋಡಿ ತರಿಸಿದರು. ಈ ಸಲ ಮೊದಲು ತಿರುಪು ಇಳಿಸಿದರು, ಮೀಟರ್ ನೋಡಿಕೊಂಡು ಸ್ವಲ್ಪಸ್ವಲ್ಪವೇ ಏರಿಸಿದರು. ಆಮೇಲೆ ಮೈಕ್ ಹಿಡಿದು ಕರೆದರು. ಗುರುತಿಲ್ಲದ ಯಾರೋ ಉತ್ತರಿಸಿದರು.

"ನಿಮ್ಮ ದನಿ ಬಹಳ ಚೆನ್ನಾಗಿ ಬರ್ತಿದೆ ಸರ್. ಒಂಚೂರೂ ಒಡಕಿಲ್ಲ."

ಈ ಮಾತು ಕೇಳಬೇಕೆಂದೇ ಮೇಷ್ಟ್ರು ಅಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದರು.

"ಮೊದಲು ಒಡೀತಿತ್ತು," ಎಂದರು. "ನಮ್ಮಣ್ಣ ಹೇಳಿದ್ರು. ನಾನೇ ಕೇಳ್ಲಿಲ್ಲ."

ಆ ಕಡೆಯವರಿಗೆ ಅರ್ಥವಾಗಲಿಲ್ಲ. ಸೆಟ್ಟು ಯಾವ ಕಂಪನಿಯದು ಎಂದು ವಿಚಾರಿಸಿದರು.