ಕೊಂಡಿಯ ಮೂರನೇ ಸದ್ದು

ದೆವ್ವದ ಕಥೆ ಹೇಳುವವರ ಬಾಯಿ ಮುಚ್ಚಿಸುವುದರಲ್ಲಿ ನನಗೆ ಸಣ್ಣದೊಂದು ಹೆಸರೇ ಇತ್ತು. ನೇಸರಗಿಯ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಸ್ಟಾಫ್ ರೂಮಿನಲ್ಲಿ ಯಾರಾದರೂ ಹುಣಸೆಮರದ ಸುದ್ದಿ ತೆಗೆದರೆ ಸಾಕು, "ನೀವ ನೋಡೀರೇನ್ರಿ, ಇಲ್ಲಾ ಯಾರರ ಹೇಳಿದ್ದೋ?" ಎಂದು ಕೇಳಿ ಅವರ ಉತ್ಸಾಹ ಇಳಿಸಿಬಿಡುತ್ತಿದ್ದೆ. ಈಗ ನಾನೇ ಹೇಳಲು ಕೂತಿದ್ದೇನೆ. ನಗುವವರು ನಗಲಿ, ನಾನೂ ಎಷ್ಟೋ ಜನರನ್ನು ನೋಡಿ ನಕ್ಕವಳೇ.

ನನ್ನ ತಮ್ಮ ಬಸುವಿಗೆ ಮಾತು ಬಾರದು. ಆಟಿಸಂ ಎಂಬ ಪದವನ್ನು ತೊಂಬತ್ತರ ದಶಕದಲ್ಲಿ ನಮಗೆ ಯಾರೂ ಹೇಳಿರಲಿಲ್ಲ. ಊರವರ ಬಾಯಲ್ಲಿ ಅವನು 'ಮಳ್ಳ', ಬುದ್ಧಿಯಿಲ್ಲದವನು. ಆ ಪದ ಕಿವಿಗೆ ಬಿದ್ದರೆ ಅವ್ವ ಜಗಳಕ್ಕೇ ನಿಲ್ಲುತ್ತಿದ್ದಳು. ಗಡ್ಡ ಬಂದ ಗಂಡಸಾದರೂ ಅವನು ಹೊರಗಿನಿಂದ ಬಂದರೆ ಸೀದಾ ಒಳಗೆ ಬರುತ್ತಿರಲಿಲ್ಲ. ಬಾಗಿಲಿನ ಕಬ್ಬಿಣದ ಕೊಂಡಿಯನ್ನು ಎರಡು ಸಲ ಬಡಿದು ನಿಲ್ಲುತ್ತಿದ್ದ. ಅಡುಗೆಮನೆಯಿಂದ ಅವ್ವ "ಬಂದೆ ನನ್ನಪ್ಪಾ" ಅನ್ನಬೇಕು. ಅಂದಮೇಲೆ ಮೆಲ್ಲಗೆ ಇನ್ನೊಂದು ಸಲ ಬಡಿದು ಒಳಗೆ ಬರುತ್ತಿದ್ದ. ಅವಳು ಓಗೊಡದಿದ್ದರೆ ಆ ಮೂರನೆಯದು ಇಲ್ಲ, ಮತ್ತೆ ಮೊದಲಿನಿಂದ ಎರಡು. ಅವರಿಬ್ಬರ ನಡುವಿನ ಮಾತುಕತೆಯೆಂದರೆ ಅದೇ.

ಅವ್ವ ತೀರಿಕೊಂಡಳು. ನಾನು ಮದುವೆಯಾಗಿರಲಿಲ್ಲ, ಮನೆ ನಡೆಯಬೇಕಾದರೆ ಶಾಲೆಗೆ ಹೋಗಲೇಬೇಕು. ನಾನಿಲ್ಲದಾಗ ಬಸು ಬಸ್ಸು ಓಡಾಡುವ ರಸ್ತೆಯ ನಡುವೆ ಹೋಗಿ ಕೂರತೊಡಗಿದ. ಎದುರುಮನೆಯ ಗೌರವ್ವ ಎಳೆದು ತಂದು ತಂದು ಸೋತಳು. ಕೊನೆಗೆ ಸವದತ್ತಿಯ ಹೊರಗೆ ಇಂಥವರಿಗೆಂದೇ ಇದ್ದ ಒಂದು ವಸತಿ ಕೇಂದ್ರಕ್ಕೆ ಸೇರಿಸಿದೆ. ಗೋಡೆಗೆ ಹೊಸ ಸುಣ್ಣ, ಗುಡಿಸಿದ ಅಂಗಳ. "ಚಿಂತಿ ಬಿಡ್ರಿ ಟೀಚರ್, ಮನಿ ಮಗನಂಗ ನೋಡ್ಕೋತೇವಿ" ಎಂದರು ಮೇಲ್ವಿಚಾರಕರು. ಕೊಂಡಿಯ ವಿಷಯ ಹೇಳಿದೆ. ತಲೆಯಾಡಿಸಿದರು.

ಆಮೇಲೆ ಮನೆ ಬರೀ ಗೋಡೆಯಾಯಿತು. ಒಬ್ಬಳಿಗೆ ಎಷ್ಟು ಹಿಟ್ಟು ಕಲಸಬೇಕೆಂಬುದೇ ಕೈಗೆ ಹತ್ತಲಿಲ್ಲ. ಮಿಕ್ಕ ರೊಟ್ಟಿ ದಿನಾ ಗೌರವ್ವನ ಎಮ್ಮೆಗೆ.

ಒಂದು ಶನಿವಾರ, ದೀಪ ಹಚ್ಚುವ ಹೊತ್ತು. ಬಾಗಿಲು ಮುಂದೆ ಮಾಡಿ ಅಕ್ಕಿ ಆರಿಸುತ್ತ ಕೂತಿದ್ದೆ. ಕೊಂಡಿ ಎರಡು ಸಲ ಬಡಿಯಿತು. ಯೋಚಿಸುವ ಮೊದಲೇ ನನ್ನ ಬಾಯಿಂದ ಅವ್ವನ ಮಾತು ಬಂದುಬಿಟ್ಟಿತು: "ಬಂದೆ ನನ್ನಪ್ಪಾ."

ತುಸು ಹೊತ್ತು ಏನೂ ಇಲ್ಲ. ಆಮೇಲೆ, ಮೆಲ್ಲಗೆ, ಒಂದು.

ಮೊರ ಅಲ್ಲೇ ಬಿಟ್ಟು ಓಡಿ ಬಾಗಿಲು ತೆಗೆದೆ. ಯಾರೂ ಇರಲಿಲ್ಲ. ಗೌರವ್ವ ತನ್ನ ಕಟ್ಟೆಯ ಮೇಲೆ ಬತ್ತಿ ಹೊಸೆಯುತ್ತಿದ್ದಳು. ಯಾರು ಬಂದಿದ್ದರೆಂದು ಕೇಳಿದರೆ, "ಯಾರೂ ಬಂದಿಲ್ಲವ್ವಾ, ನಾ ಆಗಿಂದ ಇಲ್ಲೇ ಕುಂತೇನಿ" ಎಂದಳು. ಗಾಳಿ ಇರಲಿಲ್ಲ. ಕೊಂಡಿ ಮಾತ್ರ ಇನ್ನೂ ಅಲ್ಲಾಡುತ್ತಿತ್ತು. ಬೆಕ್ಕಿರಬೇಕು ಎಂದುಕೊಂಡೆ. ಆದರೆ ಬೆಕ್ಕು ಉತ್ತರಕ್ಕೆ ಕಾಯುತ್ತದೆಯೇ?

ಬೆಳಗಿನ ಮೊದಲ ಬಸ್ಸಿಗೇ ಸವದತ್ತಿಗೆ ಹೋದೆ. ಮೇಲ್ವಿಚಾರಕರು ಯಾವುದೋ ಮದುವೆಗೆ ಹೋಗಿದ್ದರು. ಗಂಡಸರ ಕೋಣೆಗೆ ಹೊರಗಿನಿಂದ ಚಿಲಕ ಹಾಕಿತ್ತು. ಅಡುಗೆಯ ಶಾಂತವ್ವ ಬಂದು ತೆಗೆದಳು. ಮೂತ್ರದ ವಾಸನೆ ಮುಖಕ್ಕೆ ರಾಚಿತು. ಹಾಸಿಗೆಯಿಲ್ಲದ ನೆಲದ ಮೇಲೆ, ಎಂದೋ ಉಟ್ಟ ಬಟ್ಟೆಯಲ್ಲೇ ದೊಡ್ಡ ದೊಡ್ಡ ಗಂಡಸರು ಮುದುಡಿ ಮಲಗಿದ್ದರು. ಬಸು ಮೂಲೆಯಲ್ಲಿದ್ದ. ಅವನ ಬೆರಳ ಗಂಟುಗಳೆಲ್ಲ ಒಡೆದು ಬಾತಿದ್ದವು. ಆ ಕೈಗಳನ್ನು ಹಿಡಿದುಕೊಂಡು ಅವನ ಪಕ್ಕದಲ್ಲೇ ನೆಲಕ್ಕೆ ಕೂತೆ.

"ಬಂದಾಗಿಂದ ಬಾಗ್ಲಾ ಬಡ್ಯೂದ ಬಡ್ಯೂದ್ರಿ ಅಕ್ಕಾರ," ಎಂದಳು ಶಾಂತವ್ವ, ದನಿ ತಗ್ಗಿಸಿ. "ಎರಡ ಸಲ ಬಡೀತಾನ, ಸುಮ್ಮನ ನಿಂದರ್ತಾನ. ಮತ್ತ ಎರಡು. ಎಲ್ಲಾರೂ ಬೈದು ಬೈದು ಸಾಕಾದ್ರು. ನಿನ್ನೆ ದೀಪಾ ಹಚ್ಚೂ ಹೊತ್ತಿಗೆ ಏನಾತೋ ಏನೋ, ಹಗೂರಕ ಒಂದ ಸಲ ಬಡದಾ, ಹೋಗಿ ಮಲಕೊಂಡಾ. ಆಗಿಂದ ಬಡದಿಲ್ಲ ನೋಡ್ರಿ."

"ಅವಗ ಯಾರರ ಓಗೊಟ್ರೇನ?"

"ಇಲ್ಲಿ ಯಾರ ಓಗೊಡ್ತಾರ್ರಿ?"

ಅವತ್ತೇ ಅವನನ್ನು ಕರೆತಂದೆ. ಸಂಬಳವಿಲ್ಲದ ರಜೆ ಹಾಕಿ ಊರೂರು ಅಲೆದೆ. ಬೈಲಹೊಂಗಲದ ಹತ್ತಿರ ಒಂದು ಚಿಕ್ಕ ಮನೆ ಸಿಕ್ಕಿತು, ಇಂಥವರೇ ಕೆಲವರು ಇರುವುದು. ಅಲ್ಲಿ ಕೋಣೆಗಳಿಗೆ ಹೊರಗೆ ಚಿಲಕವೇ ಇಲ್ಲ. ನಾನು ಕೇಳುವ ಮೊದಲು ಅದನ್ನು ನಡೆಸುವವರೇ ನನ್ನನ್ನು ಕೇಳಿದರು: ಏನು ತಿಂತಾನ, ಯಾವ ಸಪ್ಪಳಕ್ಕ ಅಂಜತಾನ, ನಿಮ್ಮನ್ನ ಹೆಂಗ ಕರೀತಾನ. ಅಲ್ಲಿ ಕೆಲಸಕ್ಕಿರುವ ನೀಲವ್ವ ಪಾತ್ರೆ ತೊಳೆಯುತ್ತಿರಲಿ, ಯಾರಿಗೋ ಸ್ನಾನ ಮಾಡಿಸುತ್ತಿರಲಿ, ಬಸು ಬಡಿದರೆ ಅಲ್ಲಿಂದಲೇ "ಬಂದೆ ಯಪ್ಪಾ" ಅನ್ನುತ್ತಾಳೆ. ಅವನೀಗ ಮೈ ತುಂಬಿಕೊಂಡಿದ್ದಾನೆ. ಹಬ್ಬಕ್ಕೆ ಮನೆಗೆ ಕರೆತಂದರೆ ಮರುದಿನವೇ ಚೀಲ ಹಿಡಿದು ಬಾಗಿಲಲ್ಲಿ ನಿಲ್ಲುತ್ತಾನೆ.

ಚಿಂತೆಯಲ್ಲಿದ್ದಿರಿ, ಹಾಗೆ ಕೇಳಿಸಿರಬೇಕು ಅನ್ನುತ್ತಾರೆ ಜೊತೆಯ ಶಿಕ್ಷಕರು. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಅನ್ನುತ್ತಿದ್ದೆ. ಆದರೆ ನಾನು ಇಲ್ಲಿ ಓಗೊಟ್ಟದ್ದು ಸವದತ್ತಿಯ ಮುಚ್ಚಿದ ಕೋಣೆಯೊಳಗೆ ಹೇಗೆ ಮುಟ್ಟಿತು? ಇಷ್ಟು ವರ್ಷವಾದರೂ ನನ್ನ ವಿಜ್ಞಾನಕ್ಕೆ ಅದು ಬಗೆಹರಿದಿಲ್ಲ.

ಅವನಿಲ್ಲದಾಗ ಕೊಂಡಿ ಮತ್ತೆಂದೂ ತಾನಾಗಿ ಬಡಿದಿಲ್ಲ. ಬಡಿಯದಿದ್ದರೆ ಅವನು ಅಲ್ಲಿ ಚೆನ್ನಾಗಿದ್ದಾನೆಂದೇ ಅರ್ಥ, ನನಗೆ ಗೊತ್ತು. ಆದರೂ ದೀಪ ಹಚ್ಚುವ ಹೊತ್ತಿಗೆ ರೇಡಿಯೊ ಸದ್ದು ತಗ್ಗಿಸುತ್ತೇನೆ. ಕೆಲವು ಸಂಜೆ ಯಾರೂ ಬಡಿಯದಿದ್ದರೂ ಖಾಲಿ ಮನೆಯಲ್ಲಿ "ಬಂದೆ ನನ್ನಪ್ಪಾ" ಎಂದು ಹೇಳಿ, ಸ್ವಲ್ಪ ಹೊತ್ತು ಕಾಯುತ್ತೇನೆ.