ನಮ್ಮ ಮಾವನಿಗೆ ಕಾಣದೆ ಉಳಿದ ಬುಧ

ಗ್ರಹಗಳು ಸೂರ್ಯನ ಸುತ್ತ ತಿರುಗುತ್ತವೆ ಎಂಬ ಮಾತನ್ನು ನಾನು ಮೊದಲು ಕೇಳಿದ್ದು ಭತ್ತದ ಕಣದಲ್ಲಿ. ಸಾವಿರದ ಒಂಬೈನೂರ ಮೂವತ್ತೆಂಟರ ಸುಗ್ಗಿ ಅದು. ನಾನು ಆನೆಗೊಂದಿಗೆ ಸೊಸೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಕಣದ ನಡುವೆ ಮೇಟಿ ಕಂಬ, ಅದಕ್ಕೆ ಒಂದೇ ಹಗ್ಗದಲ್ಲಿ ಸಾಲಾಗಿ ಕಟ್ಟಿದ ಆರು ಎತ್ತು, ಹಿಂದೆ ಬಾರಕೋಲು ಹಿಡಿದು, ಭತ್ತ ತುಳಿಸುತ್ತ ಹಂತಿ ಹೊಡೆಯುವ ನನ್ನ ಮಾವ ಆದೆಪ್ಪ. ಯಾವ ಎತ್ತನ್ನು ಎಲ್ಲಿ ಕಟ್ಟಬೇಕೆಂದು ಕೇಳಲು ಸುತ್ತಲಿನವರೆಲ್ಲ ಅವರನ್ನೇ ಕರೆಯುತ್ತಿದ್ದರು. ಮುದಿ ಎತ್ತು ಮೇಟಿಯ ಹತ್ತಿರ, ನಿಂತಲ್ಲೇ ತಿರುಗಿದರೂ ನಡೆದೀತು. ಚುರುಕಿನದು ಹೊರತುದಿಗೆ, ಅದು ಓಡಲೇಬೇಕು.

ಸುಗ್ಗಿಯಲ್ಲಿ ಊರ ಮಾಸ್ತರರಿಗೆ ಒಂದು ಮೊರ ಭತ್ತ ಕೊಡುವ ವಾಡಿಕೆ. ಅದಕ್ಕೆ ಬಂದ ಖಾಜಾಸಾಬ ಮಾಸ್ತರರು ಎತ್ತುಗಳನ್ನು ನೋಡಿ ನಕ್ಕರು.

"ಆದೆಪ್ಪಣ್ಣಾ, ಸೂರ್ಯನ ಹಂತೀನೂ ಹಿಂಗ ಐತಿ ನೋಡು. ಸೂರ್ಯ ಅಂದ್ರ ಮೇಟಿ. ಹತ್ರ ಬುಧ, ಆಮ್ಯಾಲ ಶುಕ್ರ, ಮೂರನೇದು ನಮ್ಮ ಭೂಮಿ. ಮುಂದ ಮಂಗಳ, ಗುರು, ಶನಿ. ಅದರಾಚೆ ಇನ್ನೂ ಅದಾವಂತ, ಬರಿಗಣ್ಣಿಗೆ ಕಾಣಂಗಿಲ್ಲ."

"ವಾರದಾಗ ಮಂಗಳ ಮೊದಲ ಬರ್ತಾನಲ್ರೀ ಮಾಸ್ತರ್ರ, ಆಮ್ಯಾಲ ಬುಧ?"

"ವಾರಕ್ಕೂ ಈ ಸಾಲಿಗೂ ಸಂಬಂಧ ಇಲ್ಲಪ."

"ಹಂಗಾರ ಹೊರತುದಿ ಶನಿ ಭಾಳ ಓಡಬೇಕು. ಹಿಡಿದ್ರ ಏಳೂವರಿ ವರ್ಷ ಬಿಡಂಗಿಲ್ಲ ಅಂವ! ಸುಳ್ಳು ಹೇಳ್ತೀರಿ."

"ಅಲ್ಲಿ ನಿನ್ನ ಹಗ್ಗ ಇಲ್ಲೋ. ಒಬ್ಬೊಬ್ರದು ಒಂದೊಂದು ದಾರಿ. ಒಳಗಿನಾವ ಜೋರು, ಹೊರಗಿನಾವ ನಿಧಾನ."

ಮಾವ ಎತ್ತು ಹೊಡೆಯುವುದನ್ನೇ ಮರೆತು ನಿಂತರು. ಅತ್ತೆ ಹೊಳಿಯಮ್ಮ ಮೊರ ಕೊಡವುತ್ತ ಕೂಗಿದರು: "ಮುಗಿಲಿನ ಎತ್ತು ಆಮ್ಯಾಲ ಹೊಡೀರಿ, ಇಲ್ಲಿವು ಭತ್ತ ಮೇಯಾಕತ್ಯಾವ!"

ಆ ಮಾತು ಮಾವನನ್ನು ಬಿಡಲಿಲ್ಲ. ಒಳಗಿನದು ಹೊರಗಿನದಕ್ಕಿಂತ ಜೋರು ಹೋಗುವ ಹಂತಿಯನ್ನು ಅವರು ಕಂಡಿರಲಿಲ್ಲ. ಆದರೆ ಅವರ ಎರಡೂ ಕಣ್ಣಿಗೆ ಆಗಲೇ ಪೊರೆ ಬರುತ್ತಿತ್ತು. ಹೀಗಾಗಿ ನೋಡುವ ಕೆಲಸ ನನ್ನ ಪಾಲಿಗೆ ಬಂತು. ಗುರು ಯಾವುದು, ಶನಿ ಯಾವುದು ಎಂದು ಮಾಸ್ತರರು ಒಂದು ಸಂಜೆ ತೋರಿಸಿಕೊಟ್ಟರು. ಗುರು ಶನಿಗಿಂತ ಎಷ್ಟೋ ಗೇಣು ಹಿಂದಿದ್ದ. ಮರುವರ್ಷ ಹತ್ತಿರ ಬಂದ. ಮೂರನೆಯ ವರ್ಷ ಇಬ್ಬರೂ ಜೋಡೆತ್ತಿನಂತೆ ನಿಂತರು, ಆಮೇಲೆ ಗುರು ಮುಂದಾದ.

"ದಾಟಿದನೇನವಾ?"

"ದಾಟ್ಯಾನ್ರಿ ಮಾವ."

"ಅಬಬಾ! ಒಳಗಿನೆತ್ತು ಹೊರಗಿನದನ್ನ ಹಿಂದ ಹಾಕ್ತು!" ಎಂದು ಊಟಕ್ಕೆ ಕುಳಿತಾಗಲೂ ನಗುತ್ತಿದ್ದರು.

ಉಳಿದವನು ಬುಧ. ಅವನು ಸೂರ್ಯನ ಮಗ್ಗಲು ಬಿಟ್ಟು ದೂರ ಹೋಗುವುದಿಲ್ಲ, ಹೊತ್ತು ಮುಳುಗಿದ ಬಳಿಕ ಸ್ವಲ್ಪ ಹೊತ್ತು ಕೆಳಗೆ ಕಂಡು ತಾನೂ ಮುಳುಗುತ್ತಾನೆ ಎಂದು ಮಾಸ್ತರರು ಹೇಳಿದ್ದರು. ನಮ್ಮ ಮನೆಯ ಪಡುವಣಕ್ಕೆ ಬಂಡೆಗುಡ್ಡಗಳೇ ಅಡ್ಡ. ಮಾವನ ಮೊಣಕಾಲಿಗೆ ಗುಡ್ಡ ಹತ್ತುವ ಶಕ್ತಿ ಇರಲಿಲ್ಲ.

"ಮೊದಲನೆತ್ತು ಕಾಣದ ಸಾಲು ಹೆಂಗ ನಂಬೂದು? ಕಣ್ಣು ಪೂರಾ ಹೋಗೂದ್ರಾಗ ಅಂವ ಅದಾನೋ ಇಲ್ಲೋ ತಿಳೀಬೇಕು," ಎನ್ನುತ್ತಿದ್ದರು.

ಅದರ ಮರುವರ್ಷ ನಾನು ಚೊಚ್ಚಲ ಬಾಣಂತನಕ್ಕೆ ಯಲಬುರ್ಗಿ ಕಡೆಯ ತವರಿಗೆ ಹೊರಟೆ. ಚಕ್ಕಡಿಯ ಹತ್ತಿರ ಬಂದು ಮಾವ ಹೇಳಿದರು: "ನಿಮ್ಮದು ಎರಿಹೊಲದ ಸೀಮಿ, ಗುಡ್ಡ ಇಲ್ಲ. ನೋಡು. ಕಾಣದಿದ್ರ ಕಾಣಲಿಲ್ಲ ಅನ್ನು. ನನ್ನ ಸಮಾಧಾನಕ್ಕ ಹೇಳಬ್ಯಾಡ."

ತಿಂಗಳು ಕಳೆಯಿತು, ಏನೂ ಕಾಣಲಿಲ್ಲ. "ಬಸುರಿ ಹೆಂಗಸು ದೀಪ ಹಚ್ಚೋ ಹೊತ್ತಿಗೆ ಹೊಲದಾಗ ನಿಂತು ಏನ್ ಕಾಯ್ತೀಯ?" ಎಂದು ಅವ್ವ ಬಯ್ಯುತ್ತಿದ್ದಳು. ಕಂಡೆ ಎಂದುಬಿಟ್ಟರೆ ಯಾರಿಗೆ ಗೊತ್ತಾದೀತು ಎಂದು ಒಮ್ಮೆ ನನಗೂ ಅನ್ನಿಸಿದ್ದುಂಟು. ಕೃತ್ತಿಕಾ ಮಳೆ ಹನಿಸಿ ಧೂಳು ಅಡಗಿದ ಒಂದು ಸಂಜೆ, ನಾನು ಬಲ್ಲ ಗುರುವಿನ ಕೆಳಗೆ, ಹಿಂದೆಂದೂ ಕಾಣದ ಒಂದು ಚುಕ್ಕೆ ಅಕ್ಕಿಕಾಳಿನಷ್ಟು ಹೊಳೆಯಿತು. ಕೆಲವು ದಿನ ಅಲ್ಲೇ ಇತ್ತು. ಆಮೇಲೆ ದಿನದಿನಕ್ಕೆ ಇಳಿದು ಸಂಜೆಗೆಂಪಿನಲ್ಲಿ ಕರಗಿಹೋಯಿತು.

ಮಗುವನ್ನೆತ್ತಿಕೊಂಡು ನಾನು ಮರಳಿದಾಗ ಮಾವನಿಗೆ ಬೆಳಕು, ಕತ್ತಲೆ ಎರಡೂ ಒಂದೇ ಆಗಿದ್ದವು. ಮೊಮ್ಮಗನ ತಲೆ ಸವರಿ, ತಡೆಯಲಾರದೆ ಕೇಳಿದರು: "ಅದಾನೇನು?"

"ಅದಾನ್ರಿ."

"ಗುರುನ್ನ ನೋಡಿ ಬುಧ ಅಂದಿಯೇನ ಮತ್ತ?"

"ಗುರು ಮ್ಯಾಲಿದ್ದನ್ರಿ. ಇಂವ ಅವನ ಕೆಳಗ. ಹದಿನೈದು ದಿನದಾಗ ತಿರುಗಿ ಸೂರ್ಯನ ಕಡಿಗೇ ಇಳಿದ."

ಮಾವ ಪಡುವಣಕ್ಕೆ ಮುಖ ಮಾಡಿ ಎರಡೂ ಕೈ ಚಾಚಿದರು. ಸೊಸೆ ಮಾವನ ಕೈ ಮುಟ್ಟುವುದು ನಮ್ಮಲ್ಲಿ ಇರಲಿಲ್ಲ. ನಾನು ಅತ್ತೆಯ ಮುಖ ನೋಡಿದೆ. "ಹಿಡಿಯವಾ, ಕೇಳಾಕತ್ಯಾರ," ಎಂದರು ಅತ್ತೆ. ಎಂಟು ದಿನಕ್ಕೆ ಚಳಿಜ್ವರ ಬಂದು ಮಾವ ತೀರಿಕೊಂಡರು. ಅಂದು ಕೈ ಚಾಚಿ ಅವರು ನನ್ನನ್ನು ಕೊನೆಯದಾಗಿ ಕೇಳಿದ್ದು ಇಷ್ಟೇ:

"ನನ್ನ ಒಂದು ಕೈ ಹೊತ್ತು ಮುಳುಗಿದಲ್ಲಿ ಇಡು ಯವ್ವಾ. ಇನ್ನೊಂದನ್ನ ಅಂವ ಇದ್ದಲ್ಲಿಗೆ ಎತ್ತಿ ನಿಲ್ಲಿಸು. ನಡುವ ಎಷ್ಟೈತಿ, ನಾ ನೋಡ್ತೀನಿ."