ಲೆಕ್ಕಕ್ಕಿಲ್ಲದ ಹೆರಿಗೆ

ಹುಣಸೂರಿನ ಲ್ಯಾಬಿನಲ್ಲಿ ನನ್ನ ಕೆಲಸ ಬಹುಪಾಲು ಸಪ್ಪೆ. ಸುತ್ತಲ ಹಳ್ಳಿಗಳ ಶಿಬಿರಗಳಲ್ಲಿ ಹೆಂಗಸರ ಗರ್ಭಕೋಶದ ಬಾಯಿಂದ ತೆಗೆದ ಜೀವಕೋಶಗಳು ಗಾಜಿನ ಸ್ಲೈಡ್ ಮೇಲೆ ಬರುತ್ತವೆ. ಕ್ಯಾನ್ಸರಿನ ಸುಳಿವಿದೆಯೇ ಎಂದು ನೋಡುತ್ತೇನೆ. ಸಪ್ಪೆಯಾಗಿದ್ದಷ್ಟೂ ಒಳ್ಳೆಯದು.

ಹನಗೋಡಿನ ಕಡೆಯಿಂದ ಬಂದ ಒಂದು ಸ್ಲೈಡ್ ಹಾಗಿರಲಿಲ್ಲ. ಮೂವತ್ತೆರಡರ ಹೆಂಗಸು, ಮಕ್ಕಳಿಲ್ಲ ಎಂದು ಶಿಬಿರದವರು ಬರೆದಿದ್ದರು. ಆ ವಯಸ್ಸಿಗೆ ಕೋಶಗಳು ಅಗಲವಾಗಿ, ತೆಳ್ಳಗಿರಬೇಕು. ಇವು ಚಿಕ್ಕವು, ದುಂಡನೆಯವು, ನಡುವೆ ದೊಡ್ಡ ಕಪ್ಪು ಬೊಟ್ಟು. ಮುಟ್ಟು ನಿಂತವರಲ್ಲಿ ಹೀಗಿರುತ್ತದೆ, ಹೊಸದಾಗಿ ಹೆತ್ತವರಲ್ಲೂ. ಅವೆರಡೂ ಅಲ್ಲವೆಂದರೆ ಕ್ಯಾನ್ಸರಿನ ಮುನ್ಸೂಚನೆಯೂ ಆಗಿರಬಹುದು. ಸ್ಲೈಡ್ ಅದಲುಬದಲು ಮಾಡಿದ್ದೀರಿ ಎಂದು ಶಿಬಿರದವರಿಗೆ ಫೋನಿನಲ್ಲಿ ಚೆನ್ನಾಗಿ ಬೈದೆ. ಇಲ್ಲವೇ ಇಲ್ಲ ಎಂದರು. ಅನುಮಾನವಿದೆ, ಮೈಸೂರಿಗೆ ಕಳಿಸಿ ಎಂದು ಬರೆದರೆ ನನ್ನ ಜವಾಬ್ದಾರಿ ಮುಗಿಯಿತು. ಆದರೆ ಮಕ್ಕಳಿಲ್ಲದವಳ ಮೇಲೆ ಆ ಅನುಮಾನವೂ ಬಿದ್ದರೆ, ಆ ಮನೆ ಅವಳನ್ನು ಇಟ್ಟುಕೊಂಡೀತೇ? ಒಂದು ಮಾತು ಕೇಳಿಬಿಡೋಣ ಎಂದು ಅವಳನ್ನು ಕರೆಸಿದೆ.

ಅತ್ತೆಯ ಜೊತೆ ಬಂದಳು. ನಾನು ಅವಳನ್ನು ಕೇಳಿದ್ದಕ್ಕೆಲ್ಲ ಅತ್ತೆಯದೇ ಉತ್ತರ.

"ಇವ್ಳಿಗೆಲ್ಲಿ ಮಕ್ಳು ಡಾಕ್ಟ್ರಮ್ಮ, ಆ ಭಾಗ್ಯ ನಮ್ಗಿಲ್ಲ ಬುಡಿ."

ನನಗೆ ರೇಗಿತು. ಅತ್ತೆಯನ್ನು ಹೊರಗೆ ಕೂರಿಸಿ ಬಾಗಿಲು ಹಾಕಿದೆ.

"ಈಚೆಗೆ ಹೆರಿಗೆ ಏನಾದ್ರೂ ಆಗಿತ್ತೇನಮ್ಮ?"

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೂತಳು. ಆಮೇಲೆ, "ಆಗಿತ್ತು. ಅವ್ವನ ಮನೇಲಿ, ತಿಂಗ್ಳು ತುಂಬಿರ್ನಿಲ್ಲ. ಗಂಡು. ಅಳ್ಲೇ ಇಲ್ಲ. ಅತ್ತಿದ್ರೆ ತಾನೆ ಲೆಕ್ಕ ಅಂದ್ರು ನಮ್ಮತ್ತೆ. ಯಾರ್ ಕೇಳಿದ್ರೂ ಇಲ್ಲ ಅನ್ಬೇಕಂತೆ" ಎಂದಳು.

ನನ್ನ ಎದೆಯ ಭಾರ ಇಳಿಯಿತು. ಅಂಥ ಮಾತು ಕೇಳಿ ಭಾರ ಇಳಿದದ್ದಕ್ಕೆ ನಾಚಿಕೆಯೂ ಆಯಿತು.

"ಹಂಗಾದ್ರೆ ಹೆದರ್ಕೋಬೇಡ. ಹೆತ್ತ ಮೈಯಲ್ಲಿ ಕೆಲವು ತಿಂಗಳು ಹೀಗೇ ಕಾಣುತ್ತೆ. ಆಮೇಲೆ ಇನ್ನೊಂದ್ಸಲ ನೋಡೋಣ, ಅಷ್ಟೆ."

ಅವಳು ಆ ಸಮಾಧಾನವನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಮೇಜಿನ ಮೇಲಿನ ಮೈಕ್ರೋಸ್ಕೋಪನ್ನೇ ನೋಡುತ್ತಿದ್ದಳು.

"ನಾನು ಹೆತ್ತಿದ್ದು ಅದ್ರಲ್ಲಿ ಗೊತ್ತಾಯ್ತದಾ?"

"ಗೊತ್ತಾಗುತ್ತೆ ಕಣಮ್ಮ."

"ನಾನೂ ಒಂದ್ಸಲ ನೋಡ್ಲಾ?"

ಅವಳ ಸ್ಲೈಡನ್ನೇ ಇಟ್ಟು, ಬೆಳಕು ಸರಿಮಾಡಿ ಕೊಟ್ಟೆ. ಕಣ್ಣಿಟ್ಟವಳು ಬಗ್ಗಿಯೇ ಇದ್ದಳು. ಹೊರಗೆ ಅತ್ತೆ ಬಾಗಿಲು ಬಡಿಯತೊಡಗಿದರು.

"ಇನ್ನೊಂಚೂರು ಇರ್ತೀನಿ ಡಾಕ್ಟ್ರಮ್ಮ," ಎಂದಳು, ತಲೆ ಎತ್ತದೆ. "ಮನೇಲಿ ಅವ್ನ ಮಾತೇ ಎತ್ತಂಗಿಲ್ಲ."